ತಕ್ಕಡಿಯ ಪಕ್ಕದ ನೋಟ್‌ಬುಕ್ಕನ್ನು ಮೊದಲು ಓದಿ

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕೆಲಸ) ಮತ್ತು ರಫ್ತು ಕಂಪನಿಯಲ್ಲಿ ಮಾಹಿತಿ ವ್ಯವಸ್ಥೆಯ ಹೊಣೆ ಹೊತ್ತಿದ್ದೇನೆ. ಎರಡು ವರ್ಷದ ಹಿಂದೆ ಜರ್ಮನಿಯ ಕಂಪನಿಯೊಂದು ನಮ್ಮಲ್ಲಿ ದೊಡ್ಡ ಪಾಲು ಕೊಂಡಿತು. ವಿಯೆಟ್ನಾಂನಲ್ಲೂ ಅವರ ಒಂದು ಘಟಕವಿದೆ. ಬರುವ ಜನವರಿ 1ರಿಂದ ಮೂರೂ ಕಡೆ ಒಂದೇ ಇಆರ್‌ಪಿ, ಅಂದರೆ ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವ ತಂತ್ರಾಂಶ, ನಡೆಯಬೇಕೆಂದು ಹ್ಯಾಂಬರ್ಗ್ ಕಚೇರಿ ತೀರ್ಮಾನಿಸಿದೆ. ಆರು ತಿಂಗಳಿಂದ ಪ್ರಯೋಗ ನಡೆದಿದೆ. ನಮ್ಮವರು ಕಂಪ್ಯೂಟರಿನಲ್ಲೂ ತುಂಬುತ್ತಾರೆ, ಹಳೆಯ ನೋಟ್‌ಬುಕ್ಕಿನಲ್ಲೂ ಬರೆಯುತ್ತಾರೆ, ಎರಡೂ ತಾಳೆಯಾಗುವುದಿಲ್ಲ. ಸಭೆಯಲ್ಲಿ ನೀವು ಒಪ್ಪಿದ್ದಿರಿ ಎಂದು ಅವರು, ಒಪ್ಪಿರಲಿಲ್ಲ ಎಂದು ನಾವು. ‘ನಿಮ್ಮಲ್ಲಿ ಶಿಸ್ತಿಲ್ಲ’ ಎಂಬ ಮಾತೂ ಬಂದಿದೆ. ನಮ್ಮ ಕೆಲಸದ ಸಂಸ್ಕೃತಿಯೇ ಇದಕ್ಕೆ ಅಡ್ಡಿಯೇ? ನಲವತ್ತು ವರ್ಷ ಅನುಭವವಿರುವ, ತೂಕದ ಲೆಕ್ಕ ಬರೆಯುವ ನಮ್ಮ ರೈಟರ್ ಅವರಿಗೆ ನೋಟ್‌ಬುಕ್ ಬಿಡಿ ಎಂದು ಹೇಗೆ ಹೇಳಲಿ?
ಒಬ್ಬ ಓದುಗ, ಚಿಕ್ಕಮಗಳೂರು

ಉತ್ತರ: ನೋಟ್‌ಬುಕ್ ಬಿಡಿ ಎಂದು ಅವರಿಗೆ ಈಗಲೇ ಹೇಳಬೇಡಿ. ಮೊದಲು ಅದನ್ನು ನೀವು ಓದಿ. ಕಚೇರಿಗೆ ತರಿಸಿಕೊಂಡು ಓದಿದರೆ ಏನೂ ತಿಳಿಯುವುದಿಲ್ಲ. ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು, ಪಿಕಪ್ ಗಾಡಿಯಿಂದ ಚೀಲ ಇಳಿಯುವ ಹೊತ್ತಿನಲ್ಲಿ, ಅವರು ಬರೆಯುತ್ತಿರುವಾಗಲೇ ಓದಿ.

ನಾನು ಹಾಸನದವಳು. ಹಲವು ದೇಶಗಳಲ್ಲಿ ಹರಡಿಕೊಂಡ ಕಂಪನಿಗಳಿಗೆ ಇಂಥ ವ್ಯವಸ್ಥೆ ಕಟ್ಟಿಕೊಡುವ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದಿದ್ದೇನೆ. ಒಮ್ಮೆ ಸಕಲೇಶಪುರದ ಕಡೆಯ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾಲ್ಕು ದಿನ ಹೀಗೆಯೇ ಕುಳಿತಿದ್ದೆ. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಪುಟದ ಅಂಚಿನಲ್ಲಿ ಕಾಫಿ ಧೂಳು ಹಿಡಿದ ಬೆರಳಿನ ಗುರುತು. ಲಾಟ್ ನಂಬರು, ಬೆಳೆಗಾರರ ಹೆಸರು, ಚೀಲ, ತೂಕ, ತೇವಾಂಶ, ಎಲ್ಲಕ್ಕೂ ಒಂದೊಂದು ಕಾಲಂ. ಬಲತುದಿಯಲ್ಲಿ ತಲೆಬರಹವಿಲ್ಲದ ಇನ್ನೊಂದು ಕಾಲಂ ಇತ್ತು. ಅದರಲ್ಲಿ ‘ಇಟ್ಟಿದ್ದು’ ಎಂದು ಒಂದು ಕಡೆ, ‘ಹಸಿ ಇದೆ, ಸೋಮವಾರ ನೋಡುವುದು’ ಎಂದು ಇನ್ನೊಂದು ಕಡೆ, ‘ಅಣ್ಣನ ಮಗನ ಲೆಕ್ಕಕ್ಕೆ’ ಎಂದು ಮತ್ತೊಂದು ಕಡೆ. ನಾವು ಕೊಟ್ಟಿದ್ದ ಪರದೆಯಲ್ಲಿ ಆ ಕಾಲಂ ಇರಲೇ ಇಲ್ಲ. ‘ಸ್ವೀಕೃತ’, ‘ತಿರಸ್ಕೃತ’ ಎಂಬ ಎರಡೇ ಗುಂಡಿಗಳಿದ್ದವು. ಆ ಮೂರು ಟಿಪ್ಪಣಿಗಳಲ್ಲಿ ಇಡೀ ವ್ಯವಹಾರದ ಹೂರಣವಿತ್ತು ಎಂಬುದು ನನಗೆ ಅರ್ಥವಾದದ್ದು ನಾಲ್ಕನೆಯ ದಿನ.

‘ಇಟ್ಟಿದ್ದು’ ಎಂದರೇನೆಂದು ನಿಮಗೆ ನಾನು ಹೇಳಬೇಕಿಲ್ಲ. ಹ್ಯಾಂಬರ್ಗಿನವರಿಗೆ ನೀವು ಹೇಳಬೇಕು. ನಮ್ಮ ಬೆಳೆಗಾರ ಕಾಫಿಯನ್ನು ತಂದು ಇಳಿಸಿದ ಮಾತ್ರಕ್ಕೆ ಮಾರಿದಂತಲ್ಲ. ದರ ಏರಲಿ ಎಂದು ಕಾಯುತ್ತಾನೆ. ಸರಕು ನಿಮ್ಮ ಗೋದಾಮಿನಲ್ಲಿರುತ್ತದೆ, ಒಡೆತನ ಅವನದು. ಜರ್ಮನಿಯವರ ತಂತ್ರಾಂಶದ ಸಾಮಾನ್ಯ ಓಟದಲ್ಲಿ ಸರಕು ಒಳಗೆ ಬಂತೆಂದರೆ ಖರೀದಿಯಾಯಿತು, ಅಂದಿನ ದರಕ್ಕೆ ಬಾಕಿ ಹಣ ಹುಟ್ಟಿತು ಎಂದೇ ಲೆಕ್ಕ. ಈಗ ಯೋಚಿಸಿ: ನಿಮ್ಮವರು ‘ಸ್ವೀಕೃತ’ ಒತ್ತಿದರೆ ಕಂಪನಿಯದಲ್ಲದ ಕಾಫಿಯನ್ನು ಹ್ಯಾಂಬರ್ಗ್ ತನ್ನದೆಂದು ಎಣಿಸುತ್ತದೆ. ಆ ಅಂಕಿಯನ್ನು ನಂಬಿ ರೋಬಸ್ಟಾಕ್ಕೆ ಲಂಡನ್ನಿನಲ್ಲಿ, ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ ವಾಯಿದಾ ವ್ಯವಹಾರ (ಮುಂದಿನ ತಿಂಗಳುಗಳ ಸರಕಿಗೆ ಇಂದೇ ದರ ಕಟ್ಟುವ ವಹಿವಾಟು) ಮಾಡುತ್ತದೆ. ಒತ್ತದೆ ಬಿಟ್ಟರೆ ಗೋದಾಮಿನಲ್ಲಿ ಕಣ್ಣೆದುರಿಗಿರುವ ಸರಕು ಲೆಕ್ಕದಲ್ಲಿಲ್ಲ. ನಿಮ್ಮ ರೈಟರ್ ಎರಡನ್ನೂ ಮಾಡದೆ ನೋಟ್‌ಬುಕ್ಕಿಗೆ ಹೋಗಿದ್ದಾರೆ. ಅದು ಅಶಿಸ್ತಲ್ಲ. ಸುಳ್ಳು ಲೆಕ್ಕ ಬರೆಯಲು ಒಪ್ಪದ ಮನುಷ್ಯ ಹುಡುಕಿಕೊಂಡ ದಾರಿ ಅದು.

ಇದಕ್ಕೆ ಪರಿಹಾರ ಆ ತಂತ್ರಾಂಶದೊಳಗೇ ಇರುವ ಸಾಧ್ಯತೆ ಹೆಚ್ಚು. ಬೇರೆಯವರ ಒಡೆತನದ ದಾಸ್ತಾನನ್ನು ಬೇರೆಯಾಗಿಯೇ ಇಡುವ ಅನುಕೂಲ ದೊಡ್ಡ ಇಆರ್‌ಪಿಗಳಲ್ಲೆಲ್ಲ ಇದೆ. ಆದರೆ ‘ನಮ್ಮಲ್ಲಿ ಪದ್ಧತಿ ಹೀಗೆ’ ಎಂದು ಕೇಳಿದರೆ ಸಿಗುವುದಿಲ್ಲ. ‘ಸರಕು ಬಂದ ದಿನ, ಒಡೆತನ ಬದಲಾದ ದಿನ, ದರ ನಿಗದಿಯಾದ ದಿನ, ಇವು ಮೂರು ಬೇರೆ ಬೇರೆ ಘಟನೆಗಳು, ಮೂರಕ್ಕೂ ಬೇರೆ ನಮೂದು ಬೇಕು’ ಎಂದು ಕೇಳಿ. ಪದ್ಧತಿಯನ್ನು ಬದಲಿಸಿಕೊಳ್ಳಿ ಎಂದು ಅವರು ಹೇಳಬಹುದು. ಒಡೆತನವನ್ನು ಬದಲಿಸಿಕೊಳ್ಳಿ ಎಂದು ಯಾರೂ ಹೇಳಲಾರರು.

ನಿಮ್ಮ ದೊಡ್ಡ ಪ್ರಶ್ನೆ, ನಮ್ಮ ಸಂಸ್ಕೃತಿಯೇ ಅಡ್ಡಿಯೇ ಎಂಬುದು. ಅಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಜರ್ಮನಿಯದೇ ಒಂದು ಉದಾಹರಣೆ ಕೊಡುತ್ತೇನೆ. ಲಿಡ್ಲ್ ಎಂಬ ಅಲ್ಲಿನ ದೊಡ್ಡ ಅಂಗಡಿ ಸಮೂಹ ಅಲ್ಲಿನದೇ ಎಸ್‌ಎಪಿ ತಂತ್ರಾಂಶವನ್ನು ಅಳವಡಿಸಲು ಏಳು ವರ್ಷ ಹೆಣಗಿ, 2018ರಲ್ಲಿ ಕೈಬಿಟ್ಟಿತು. ಸುಮಾರು 50 ಕೋಟಿ ಯೂರೊ ಕರಗಿತೆಂದು ಪತ್ರಿಕೆಗಳು ಬರೆದವು. ಮುಖ್ಯ ತೊಡಕುಗಳಲ್ಲಿ ಒಂದೆಂದು ವರದಿಯಾದದ್ದು ಇಷ್ಟೇ: ಲಿಡ್ಲ್ ತನ್ನ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಎಣಿಸುತ್ತಿತ್ತು, ತಂತ್ರಾಂಶ ಮಾರುವ ಬೆಲೆಯಲ್ಲಿ ಎಣಿಸುತ್ತಿತ್ತು. ಒಂದೇ ದೇಶ, ಒಂದೇ ಭಾಷೆ. ಆದರೂ ಒಂದು ಸಂಸ್ಥೆಯ ರೂಢಿ ಇನ್ನೊಂದರ ತಂತ್ರಾಂಶದಲ್ಲಿ ಹಿಡಿಸಲಿಲ್ಲ. ಶಿಸ್ತಿನ ಮಾತು ಇನ್ನೊಮ್ಮೆ ಬಂದರೆ ಈ ಸಂಗತಿಯನ್ನು ಸಮಾಧಾನದಿಂದ ಮುಂದಿಡಿ. ಎದುರೇಟಿಗಾಗಿ ಅಲ್ಲ, ಸಮಸ್ಯೆ ಎಲ್ಲಿದೆಯೆಂದು ಇಬ್ಬರೂ ಕೂಡಿ ನೋಡಲಿಕ್ಕಾಗಿ.

ಹಾಗಾದರೆ ಮೂರು ದೇಶಕ್ಕೂ ಒಂದೇ ಆಗಿರಬೇಕಾದದ್ದು ಯಾವುದು, ಅವರವರ ಪಾಡಿಗೆ ಬಿಡಬೇಕಾದದ್ದು ಯಾವುದು? ಅರ್ಥ ಒಂದೇ ಇರಬೇಕು, ಪರದೆ ಬೇರೆಯಿರಬಹುದು. ಈ ಮಾತನ್ನು ಬರೀ ಒಪ್ಪಿಕೊಂಡರೆ ಸಾಲದು, ಪದ ಪದಕ್ಕೂ ಕುಳಿತು ಮಾಡಬೇಕು.

‘ಚೀಲ’ವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ದರ ಹೇಳುವುದು 50 ಕಿಲೋ ಚೀಲಕ್ಕೆ. ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿ ಚೀಲವೆಂದರೆ 60 ಕಿಲೋ. ಸಾಲದ್ದಕ್ಕೆ ನಮ್ಮ ಚೀಲದೊಳಗಿರುವುದು ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಅಥವಾ ಪಾರ್ಚ್‌ಮೆಂಟ್ (ತಿರುಳು ತೆಗೆದು, ಒಳಸಿಪ್ಪೆಯೊಂದಿಗೆ ಒಣಗಿಸಿದ್ದು), ಅವರ ಚೀಲದೊಳಗಿರುವುದು ಸಿಪ್ಪೆ ಕಳೆದ ಬೇಳೆ. 50 ಕಿಲೋ ಚೆರಿ ಚೀಲದಿಂದ ಎಷ್ಟು ಕಿಲೋ ಬೇಳೆ ಬಂತೆಂಬ ಔಟ್‌ಟರ್ನ್ ಮೇಲೆ ನಮ್ಮ ಹಣ ನಿಂತಿರುತ್ತದೆ. ನನ್ನ ಸಲಹೆ: ವ್ಯವಸ್ಥೆಯೊಳಗೆ ಚೀಲ ಎಂಬ ಅಳತೆಯೇ ಇರಬಾರದು. ಕಿಲೋ ಮಾತ್ರ, ಅದರ ಜೊತೆಗೆ ಯಾವ ಹಂತದ ಕಾಫಿ ಎಂಬುದು ಕಡ್ಡಾಯ. ಪರದೆಯ ಮೇಲೆ ರೈಟರ್ ಅವರಿಗೆ ಚೀಲವೇ ಕಾಣಲಿ, ಹ್ಯಾಂಬರ್ಗಿನವರಿಗೆ ಟನ್ ಕಾಣಲಿ.

ಅಂಕಿಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಅವರು 1.250 ಎಂದು ಬರೆದರೆ ಒಂದು ಸಾವಿರದ ಇನ್ನೂರ ಐವತ್ತು. ನಮ್ಮ ಎಕ್ಸೆಲ್ ಅದನ್ನು ಒಂದೂಕಾಲು ಎಂದು ಓದುತ್ತದೆ. ದಿನಾಂಕವನ್ನು ಕಡತಗಳಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಕಳಿಸಿ, ಗೊಂದಲಕ್ಕೆ ಎಡೆಯಿರುವುದಿಲ್ಲ. ‘ಈ ವರ್ಷ’ ಎಂಬ ಮಾತನ್ನು ವರದಿಗಳಿಂದ ತೆಗೆದುಹಾಕಿ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ, ಅವರದು ಸಾಮಾನ್ಯವಾಗಿ ಜನವರಿಯಿಂದ, ಕಾಫಿ ವರ್ಷ ಅಕ್ಟೋಬರ್‌ನಿಂದ.

ಹೆಸರುಗಳ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. ಹೆಸರು ತಪ್ಪಿದರೆ ಬೆಳೆಗಾರನ ಹಣ ಬೇರೆಯವರ ಖಾತೆಗೆ ಹೋಗುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಹೆಸರು, ಕುಲನಾಮ ಎಂಬ ಎರಡು ಖಾನೆಗಳನ್ನು ಕಡ್ಡಾಯ ಮಾಡಿದರೆ ನಮ್ಮಲ್ಲಿ ಅರ್ಧ ಊರು ಒಂದೇ ಕುಲನಾಮದಡಿ ಬಂದು ನಿಲ್ಲುತ್ತದೆ. ವಿಯೆಟ್ನಾಂನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕರೆಯುವುದು ಕೊನೆಯ ಹೆಸರಿನಿಂದ. ಹಾಗಾಗಿ ಪೂರ್ಣ ಹೆಸರಿಗೆ ಒಂದೇ ಖಾನೆ ಇಡಿ, ಗುರುತಿಗೆ ಸಂಖ್ಯೆ ಇಡಿ. ಕನ್ನಡದಲ್ಲಿ ಹೆಸರು ತುಂಬುವುದಾದರೆ ಖಾನೆಯ ಉದ್ದವನ್ನು ಪರೀಕ್ಷಿಸಿ. ‘ಕೃಷ್ಣೇಗೌಡ’ ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರಿನ ಅಕ್ಷರ ಮಾನಕವಾದ ಯೂನಿಕೋಡ್‌ನಲ್ಲಿ ಅದು ಒಂಬತ್ತು ಸಂಕೇತ, ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ 27 ಬೈಟು. ಇಂಗ್ಲಿಷ್ ಹೆಸರಿಗೆಂದು 30 ಬೈಟಿನ ಖಾನೆ ಇಟ್ಟಿದ್ದರೆ ಇನಿಷಿಯಲ್ ಸೇರುತ್ತಿದ್ದಂತೆ ಹೆಸರಿನ ಬಾಲ ತುಂಡಾಗುತ್ತದೆ. ನಿಮ್ಮ ಹಳೆಯ ಪಟ್ಟಿಗಳು ಯೂನಿಕೋಡ್‌ಗೆ ಮುಂಚಿನ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಹ್ಯಾಂಬರ್ಗಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ.

ಇನ್ನು ‘ಅಣ್ಣನ ಮಗನ ಲೆಕ್ಕಕ್ಕೆ’. ಇದರೊಳಗೆ ಐರೋಪ್ಯ ಒಕ್ಕೂಟದ ಕಾನೂನೇ ಅಡಗಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ ಮುಂತಾದವು ತಮ್ಮ ಮಾರುಕಟ್ಟೆಗೆ ಬರಬಾರದೆಂದು ಅವರು 2023ರಲ್ಲಿ ನಿಯಮ ತಂದರು. 2020ರ ಡಿಸೆಂಬರ್ 31ರ ನಂತರ ಅರಣ್ಯ ನಾಶವಾದ ಜಾಗದ ಬೆಳೆ ಸಲ್ಲದು. ಜಾರಿಯ ದಿನ ಮುಂದಕ್ಕೆ ಹೋಗುತ್ತ ಬಂದಿದ್ದರೂ ಅದು ಬೇಡುವ ಮಾಹಿತಿಯನ್ನು ಕೂಡಿಸಲು ವರ್ಷಗಳೇ ಬೇಕು. ಪ್ರತಿ ಲಾಟ್ ಯಾವ ತುಂಡು ಭೂಮಿಯಿಂದ ಬಂತೆಂದು ಅಕ್ಷಾಂಶ, ರೇಖಾಂಶ ಸಮೇತ, ದಶಮಾಂಶದ ಆರು ಸ್ಥಾನದವರೆಗೆ ಹೇಳಬೇಕು. 4 ಹೆಕ್ಟೇರಿಗಿಂತ ದೊಡ್ಡ ತುಂಡಾದರೆ ಒಂದು ಬಿಂದು ಸಾಲದು, ಸುತ್ತಿನ ಗಡಿಯನ್ನೇ ಗುರುತಿಸಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು 9 ಎಕರೆ 35 ಗುಂಟೆ.

ನಮ್ಮಲ್ಲಿ ಭೂಮಿ ತಂತ್ರಾಂಶ ಬಂದು ಪಹಣಿಗಳು ಗಣಕೀಕೃತವಾಗಿ ಕಾಲು ಶತಮಾನವಾಯಿತು, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ತೋಟ ನೋಡಿಕೊಳ್ಳುವವನು ಚಿಕ್ಕಪ್ಪ, ಗಾಡಿಯಲ್ಲಿ ತರುವವನು ಅಣ್ಣನ ಮಗ, ಹಣ ಹೋಗಬೇಕಾದದ್ದು ಅತ್ತಿಗೆಯ ಖಾತೆಗೆ. ಜರ್ಮನಿಯ ತಂತ್ರಾಂಶ ಈ ನಾಲ್ವರನ್ನೂ ‘ಪೂರೈಕೆದಾರ’ ಎಂಬ ಒಂದೇ ಪದದಲ್ಲಿ ಮುಗಿಸುತ್ತದೆ. ಅಲ್ಲಿ ನಿಮ್ಮ ಮಾಹಿತಿ ಕಲಸಿಹೋಗುತ್ತದೆ. ಭೂಮಿಯ ತುಂಡು, ದಾಖಲೆಯ ಒಡೆಯ, ಸರಕು ತಂದವರು, ಹಣ ಪಡೆಯುವವರು, ಇವುಗಳಿಗೆ ಬೇರೆ ಬೇರೆ ನಮೂದು ಇರಲೇಬೇಕು. ಇದೊಂದನ್ನು ನೀವು ಹೋರಾಡಿ ಪಡೆಯಿರಿ. ನಿಯಮಕ್ಕೆ ಒಪ್ಪುವ ಕಾಫಿಯನ್ನು ಮೂಲ ತಿಳಿಯದ ಕಾಫಿಯೊಂದಿಗೆ ಬೆರೆಸಿ ಪ್ರಮಾಣದ ಲೆಕ್ಕ ತೋರಿಸಲು ಆ ಕಾನೂನಿನಲ್ಲಿ ಅವಕಾಶವಿಲ್ಲ. ತೊಟ್ಟಿಯಲ್ಲಿ ಒಮ್ಮೆ ಬೆರೆತದ್ದನ್ನು ಯಾವ ತಂತ್ರಾಂಶವೂ ಬೇರ್ಪಡಿಸಿಕೊಡದು.

ಒಂದು ಸಣ್ಣ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಕ್ಷೆಯ ಕಡತಗಳಿಗೆ ಬಳಸುವ ಜಿಯೋಜೇಸನ್ ಎಂಬ ನಮೂನೆಯಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಮ್ಮ ಮೊಬೈಲುಗಳು ತೋರಿಸುವುದು ತಿರುವುಮುರುವಾಗಿ. ಚಿಕ್ಕಮಗಳೂರು ಇರುವುದು ಸುಮಾರು 13.3 ಉತ್ತರ, 75.8 ಪೂರ್ವದಲ್ಲಿ. ಅದಲುಬದಲಾದರೆ ನಿಮ್ಮ ಬೆಳೆಗಾರನ ತೋಟ ನಾರ್ವೆಗೂ ಉತ್ತರಕ್ಕೆ, ಕೊರೆಯುವ ಸಮುದ್ರದ ನಡುವೆ ಹೋಗಿ ಕೂರುತ್ತದೆ. ಕಡತ ಕಳಿಸುವ ಮುನ್ನ ನಕ್ಷೆಯ ಮೇಲೆ ಬಿಡಿಸಿ ಕಣ್ಣಿನಿಂದ ನೋಡುವ ಅಭ್ಯಾಸ ಮಾಡಿಸಿ.

ಕಾನೂನುಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ನಿಮ್ಮ ಲೆಕ್ಕಪರಿಶೋಧಕರು ವಿವರಿಸುತ್ತಾರೆ. ಭಾರತದ ಕಂಪನಿಯ ಲೆಕ್ಕಪತ್ರ ವಿದ್ಯುನ್ಮಾನ ರೂಪದಲ್ಲಿದ್ದರೆ ಅದರ ಪ್ರತಿ ದಿನನಿತ್ಯ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಉಳಿಯಬೇಕು. ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕೆಂಬುದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಸರ್ವರ್ ಜರ್ಮನಿಯಲ್ಲಿದ್ದರೆ ಮೊದಲನೆಯದನ್ನು ಈಗಲೇ ಬರೆದು ತಿಳಿಸಿ. ಬೆಳೆಗಾರರ ಆಧಾರ್, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆ ಹ್ಯಾಂಬರ್ಗಿಗೆ ಹೋಗುವ ಅಗತ್ಯವೇ ಇಲ್ಲ. ಸಂಕೇತ ಸಂಖ್ಯೆ ಮತ್ತು ಜಮೀನಿನ ಗಡಿ ಸಾಕು. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ ಎಂಬುದನ್ನು ನೆನಪಿಡಿ.

ಅವರ ಕಡೆಯ ಒಂದು ಸಂಗತಿ ನಮ್ಮವರಿಗೆ ಗೊತ್ತಿರುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಏನು ನಮೂದಿಸಿದರು ಎಂಬ ವರದಿ ಕೊಡಿ ಎಂದು ನಾವು ಕೇಳುತ್ತೇವೆ, ಅವರು ತಿಂಗಳುಗಟ್ಟಲೆ ಎಳೆಯುತ್ತಾರೆ. ಅದು ಸೋಮಾರಿತನವಲ್ಲ. ಜರ್ಮನಿಯಲ್ಲಿ ನೌಕರರ ಮಂಡಳಿ ಇರುವ ಕಂಪನಿಯಲ್ಲಿ, ನೌಕರರ ನಡವಳಿಕೆ ಅಥವಾ ಕೆಲಸದ ಮೇಲೆ ಕಣ್ಣಿಡಬಲ್ಲ ಯಾವ ತಾಂತ್ರಿಕ ವ್ಯವಸ್ಥೆಯನ್ನು ತರಬೇಕಾದರೂ ಆ ಮಂಡಳಿಯ ಒಪ್ಪಿಗೆ ಬೇಕೆಂದು ಕಾನೂನೇ ಹೇಳುತ್ತದೆ. ಈ ಹಕ್ಕು ನನಗೆ ಬಹಳ ಮೆಚ್ಚುಗೆಯದು. ನಮ್ಮ ಗುಮಾಸ್ತರಿಗೂ ಇಂಥ ಒಂದು ಮಾತು ಕೇಳುವ ವೇದಿಕೆ ಇದ್ದಿದ್ದರೆ ಎಷ್ಟೋ ತಂತ್ರಾಂಶಗಳು ಮೊದಲೇ ಸರಿಹೋಗುತ್ತಿದ್ದವು.

ಈಗ ಸಭೆಯ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ನಮ್ಮ ‘ಆಯಿತು’ ಎಂಬ ಪದಕ್ಕೆ ‘ಕೇಳಿಸಿಕೊಂಡೆ’ ಎಂಬ ಅರ್ಥವೂ ಇದೆ, ‘ಮಾಡುತ್ತೇನೆ’ ಎಂಬುದೂ ಇದೆ, ‘ಹಿರಿಯರ ಎದುರು ಬೇಡವೆನ್ನಲಾರೆ’ ಎಂಬುದೂ ಇದೆ. ಜರ್ಮನಿಯವರು ಎರಡನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಹಾಗೆಯೇ ಅವರ ‘ಇದು ತಪ್ಪು’ ಎಂಬುದು ಆ ಒಂದು ಸಾಲಿನ ಬಗ್ಗೆ ಆಡಿದ ಮಾತು. ನಮ್ಮವರು ಅದನ್ನು ತಮ್ಮ ಮೇಲೆ ಎಳೆದುಕೊಂಡು ಮುಖ ಸಪ್ಪಗೆ ಮಾಡುತ್ತಾರೆ. ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ಹಲವು ದೇಶಗಳ ನೌಕರರ ಉತ್ತರಗಳಿಂದ ಇದನ್ನು ಅಳೆಯಲು ಯತ್ನಿಸಿದರು. ಮೇಲು ಕೆಳಗಿನ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆಯಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಈ ಅಂಕಿಗಳಿಗೆ ಟೀಕೆಯೂ ಬಂದಿದೆ. ಒಂದೇ ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯುವುದು ನನಗೂ ಒಪ್ಪಿಗೆಯಿಲ್ಲ. ಎದುರಿಗಿರುವ ಮನುಷ್ಯನಿಗೆ ಈ ಅಂಕಿಯನ್ನು ಅಂಟಿಸಬೇಡಿ. ಆದರೆ ಪ್ರಶ್ನೆ ಕೇಳುವ ರೀತಿಯನ್ನು ಬದಲಿಸಿಕೊಳ್ಳಲು ಅದು ನೆರವಾಗುತ್ತದೆ.

ಮೌನಕ್ಕೆ ತೆರಬೇಕಾದ ಬೆಲೆಗೆ ಹಾಸನದವರಿಗೆ ಹತ್ತಿರವಾದ ಕ್ಷೇತ್ರದ ಒಂದು ಉದಾಹರಣೆ ಇದೆ. ನಮ್ಮೂರಿನ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಸಾವಿರಾರು ಮೈಲಿ ಆಚೆ, ದಕ್ಷಿಣ ಅಮೆರಿಕದ ಕೌರೂ ಉಡಾವಣಾ ಕೇಂದ್ರದಿಂದ ಹಾರಿದ ಉಪಗ್ರಹಗಳನ್ನೂ ಕೈಗೆತ್ತಿಕೊಂಡು ನಡೆಸಿದ ಜಾಗ. ಅಂಥ ಕೆಲಸದಲ್ಲಿ ಅವರ ಸಮಯ, ನಮ್ಮ ಸಮಯ ಎಂಬುದಿಲ್ಲ, ಎಲ್ಲರೂ ಬರೆಯುವುದು ಯುಟಿಸಿ ಎಂಬ ಜಾಗತಿಕ ಸಮಯವನ್ನೇ. ಇಷ್ಟು ಕಟ್ಟುನಿಟ್ಟಿನ ಕ್ಷೇತ್ರದಲ್ಲೂ ಅಮೆರಿಕದ ನಾಸಾ 1999ರ ಸೆಪ್ಟೆಂಬರ್ 23ರಂದು ಮಂಗಳದ ಬಳಿ ಒಂದು ನೌಕೆಯನ್ನು ಕಳೆದುಕೊಂಡಿತು. ನೌಕೆ ಕಟ್ಟಿದ ಕಂಪನಿಯ ತಂತ್ರಾಂಶ ನೂಕುಬಲದ ಅಂಕಿಗಳನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಪಥ ನಿರ್ಧರಿಸುವವರು ನ್ಯೂಟನ್ ಲೆಕ್ಕದಲ್ಲಿ ಓದಿಕೊಂಡರು. ನೌಕೆ ದಾರಿ ತಪ್ಪುತ್ತಿದೆಯೆಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು. ನಿಗದಿತ ನಮೂನೆಯಲ್ಲಿ ಅದು ದಾಖಲಾಗಲಿಲ್ಲ, ಮೇಲಿನವರೆಗೆ ಮುಟ್ಟಲಿಲ್ಲ. ಅಲ್ಲಿಯೂ ಅಡ್ಡ ಬಂದದ್ದು ದೇಶವಲ್ಲ, ಎರಡು ಸಂಸ್ಥೆಗಳ ನಡುವಿನ ಗೋಡೆ.

ಹಾಗಾಗಿ ನೀವು ಮಾಡಬಹುದಾದದ್ದು ಹೀಗೆ. ಸಭೆಯ ಹಿಂದಿನ ದಿನ ತಕ್ಕಡಿಯವರು, ಗೋದಾಮಿನವರು, ಲೆಕ್ಕದವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಮಾತನಾಡಿ. ‘ಆಗುತ್ತದೆಯೇ?’ ಎಂದು ಕೇಳಬೇಡಿ, ಆಗುತ್ತದೆ ಎಂದೇ ಹೇಳುತ್ತಾರೆ. ‘ಸುಗ್ಗಿಯ ಜೋರಿನಲ್ಲಿ ಇದು ಎಲ್ಲಿ ಕೈಕೊಡುತ್ತದೆ?’ ಎಂದು ಕೇಳಿ. ಹೊರಬಂದದ್ದನ್ನು ಯಾರ ಹೆಸರೂ ಹಾಕದೆ ಬರೆದು ಸಭೆಗೆ ಮುಂಚೆ ಕಳಿಸಿ. ಸಭೆಯ ನಡಾವಳಿ ಬರೆಯುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಒಪ್ಪಿದ್ದು, ಒಪ್ಪದ್ದು, ಕೇಳಿ ಹೇಳುತ್ತೇವೆ ಎಂದದ್ದು ಎಂದು ಮೂರು ಭಾಗ ಮಾಡಿ ಅದೇ ದಿನ ಕಳಿಸಿಬಿಡಿ. ಸಮಯದ ಬಗ್ಗೆಯೂ ಗಟ್ಟಿಯಾಗಿ ಕೇಳಿ: ಚಳಿಗಾಲದಲ್ಲಿ ಹ್ಯಾಂಬರ್ಗಿನ ಬೆಳಿಗ್ಗೆ 9 ನಮಗೆ ಮಧ್ಯಾಹ್ನ 1.30, ವಿಯೆಟ್ನಾಂಗೆ 3 ಗಂಟೆ. ಅಲ್ಲಿಂದ ಎರಡು ಗಂಟೆಯ ಅವಧಿಯಲ್ಲಿ ಮೂವರೂ ಎಚ್ಚರವಾಗಿ, ಮನೆಗೆ ಹೋಗುವ ಆತುರವಿಲ್ಲದೆ ಇರುತ್ತಾರೆ.

ಜನವರಿ 1ರ ವಿಷಯ. ಅದನ್ನು ದಯವಿಟ್ಟು ಒಪ್ಪಬೇಡಿ. ಅವರಿಗೆ ಅದು ಹೊಸ ಲೆಕ್ಕದ ಮೊದಲ ದಿನ. ನಮಗೆ ಅರೇಬಿಕಾ ಕೊಯ್ಲು ಮುಗಿಯುತ್ತ, ರೋಬಸ್ಟಾ ಶುರುವಾಗುವ ಹೊತ್ತು. ಕಣ ತುಂಬಿರುತ್ತದೆ, ಗಾಡಿಗಳು ಸಾಲುಗಟ್ಟಿರುತ್ತವೆ. ಆ ದಿನ ಪರದೆ ಸಿಕ್ಕಿಹಾಕಿಕೊಂಡರೆ ಜನ ಮತ್ತೆ ಕಂಪ್ಯೂಟರಿನ ಕಡೆ ತಿರುಗಿ ನೋಡುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ತರಬೇತಿ ಇಡಿ. ಮಲೆನಾಡಿನ ಮಳೆಗೆ ವಿದ್ಯುತ್ತು ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಸಂಪರ್ಕವಿಲ್ಲದಾಗ ನಮೂದು ಉಳಿದುಕೊಂಡು ಆಮೇಲೆ ಸೇರುತ್ತದೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಸೆಪ್ಟೆಂಬರ್‌ನಲ್ಲಿ ಚಾಲನೆ ಕೊಟ್ಟರೆ ನವೆಂಬರ್ ಹೊತ್ತಿಗೆ ಕೈ ಪಳಗಿರುತ್ತದೆ. ವಿಯೆಟ್ನಾಂನ ಕೊಯ್ಲು ಅಕ್ಟೋಬರ್‌ನಿಂದ ಜನವರಿಯವರೆಗೆ ನಡೆಯುವುದರಿಂದ ಅವರಿಗೂ ಜನವರಿ ಒಗ್ಗುವುದಿಲ್ಲ. ಅವರೊಂದಿಗೆ ಮೊದಲು ಮಾತನಾಡಿ, ಇಬ್ಬರೂ ಕೂಡಿಯೇ ಬರೆಯಿರಿ.

ಕೊನೆಗೆ ನಿಮ್ಮ ರೈಟರ್. ನಾನು ಹೇಳಿದ ಆ ಜಾಗದಲ್ಲಿ ತಲೆಬರಹವಿಲ್ಲದ ಕಾಲಮ್ಮಿನ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು, ಹದಿನೇಳು ಬಂದವು. ಕೆಲವು ಒಂದೇ ಅರ್ಥದವು, ಸೇರಿಸಿದಾಗ ಒಂಬತ್ತು ಉಳಿದವು. ಆ ಒಂಬತ್ತನ್ನು ಅದೇ ಕನ್ನಡ ಮಾತುಗಳಲ್ಲಿ ಪರದೆಯ ಮೇಲೆ ಆಯ್ಕೆಗಳಾಗಿ ಹಾಕಿಸಿ, ಅಲ್ಲಿನ ರೈಟರ್ ಅವರ ಮುಂದಿಟ್ಟೆವು. ಅವರು ಕನ್ನಡಕ ಒರೆಸಿಕೊಂಡು ಒಂದೊಂದನ್ನೇ ಓದಿ, ‘ಮೇಡಂ, ಮಳೆಗೆ ನೆನೆದು ಬಂದದ್ದು ಬೇರೆ, ಒಣಗದೆ ಬಂದದ್ದು ಬೇರೆ, ಅದನ್ನು ಎರಡು ಮಾಡಿ’ ಎಂದರು. ಮಾಡಿದೆವು. ನೋಟ್‌ಬುಕ್ ಬಿಡಿ ಎಂದು ನಾವು ಯಾರೂ ಹೇಳಲಿಲ್ಲ. ಎರಡನೆಯ ಸುಗ್ಗಿಯಲ್ಲಿ ನಾನು ಹೋದಾಗ ಅದು ತಕ್ಕಡಿಯ ಪಕ್ಕದಲ್ಲೇ ಇತ್ತು. ಬಿಚ್ಚಿ ನೋಡಿದರೆ ಡಿಸೆಂಬರ್ ಮೂರನೆಯ ವಾರದಿಂದ ಮುಂದಿನ ಪುಟಗಳು ಖಾಲಿಯಿದ್ದವು.